ನೀರುಗಂಟಿಯನ್ನು ದುರ್ಗಕ್ಕೆ ಕರೆದುಕೊಂಡು ಹೋದದ್ದು

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಮಾಡದಕೆರೆ ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಮೈಸೂರಿನಲ್ಲಿ ಓದಿದ, ಮದುವೆಯಾಗದ ಹೆಂಗಸು ಒಬ್ಬಳೇ ಇಲ್ಲಿ ಬಹಳ ದಿನ ಉಳಿಯುತ್ತಾಳೆ ಎಂದು ಯಾರೂ ನಂಬಿರಲಿಲ್ಲ. ನಾನು ಉಳಿದೆ. ಹೆರಿಗೆ, ಚೇಳು ಕಡಿತ, ವಾಂತಿಭೇದಿ, ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ಇಷ್ಟರಲ್ಲೇ ದಿನ ಹೋಗುತ್ತಿತ್ತು. ಮನಸ್ಸಿನ ಕಾಯಿಲೆಗಳ ಬಗ್ಗೆ ಮೈಸೂರಿನಲ್ಲಿ ಓದುತ್ತಿದ್ದಾಗ ಕೆಲವು ವಾರ ಪಾಠ ಕೇಳಿದ್ದೆ, ಅಷ್ಟೆ.

ಆ ವರ್ಷ ಹಿಂಗಾರು ಮಳೆ ಜೋರಾಗಿ ಬಂತು. ಒಂದು ಬೆಳಿಗ್ಗೆ, ಜನ ಎದ್ದು ಕೊಟ್ಟಿಗೆ ಗುಡಿಸುವ ಹೊತ್ತಿಗೆ, ಒಂದು ಹಳ್ಳಿಯ ಕೆರೆಯ ಏರಿ ಒಡೆಯಿತು. ಊರಿನ ಹೆಸರು ಬೇಡ. ಏರಿಯ ಕೆಳಗೆ ಒಂದು ಕೇರಿ ಇತ್ತು. ಕುರಿ ಸಾಕುವವರ ಮನೆಗಳು, ಕೂಲಿಯವರ ಗುಡಿಸಲುಗಳು. ನೀರು ಇಳಿದ ಮೇಲೆ ಅಲ್ಲಿ ಒಲೆಯ ಕಲ್ಲುಗಳು ಮಾತ್ರ ಉಳಿದಿದ್ದವು. ನಾನು ಕಾಂಪೌಂಡರ್ ಜೊತೆ ಗಾಡಿ ಕಟ್ಟಿಸಿಕೊಂಡು ತಲುಪಿದಾಗ ಶಾಲೆಯ ಜಗಲಿಯ ಮೇಲೆ ಹೆಣಗಳನ್ನು ಸಾಲಾಗಿ ಮಲಗಿಸಿದ್ದರು. ಬದುಕಿದವರಿಗೆ ದೊಡ್ಡ ಗಾಯಗಳಿರಲಿಲ್ಲ. ಚೀಲದಲ್ಲಿದ್ದ ಔಷಧಿ ಚೀಲದಲ್ಲೇ ಉಳಿಯಿತು. ಏನು ಮಾಡಬೇಕೋ ತೋಚದೆ, ಸತ್ತ ಹೆಂಗಸರ ಮುಖಕ್ಕೆ ಮೆತ್ತಿದ್ದ ಕೆಸರು ಒರೆಸುತ್ತಾ ಕೂತೆ. ಆಮೇಲೆ ಎಷ್ಟೋ ದಿನ ಕೈ ತೊಳೆದಷ್ಟೂ ಆ ಕೆಸರಿನ ವಾಸನೆ ಹೋಗುತ್ತಿರಲಿಲ್ಲ.

ಕೆರೆಯ ತೂಬು ತೆಗೆದು ಮುಚ್ಚಿ, ಗದ್ದೆ ತೋಟಗಳಿಗೆ ಸರದಿಯಂತೆ ನೀರು ಬಿಡುವವನನ್ನು ನೀರುಗಂಟಿ ಎನ್ನುತ್ತಾರೆ. ಆ ಊರಿನ ನೀರುಗಂಟಿಗೆ ಐವತ್ತು ದಾಟಿತ್ತು. ಅವರ ಅಪ್ಪನೂ ಅದೇ ಕೆಲಸ ಮಾಡಿದವರು. ಅವರ ಮನೆಯೂ ಕೆಳಗಿನ ಕೇರಿಯಲ್ಲೇ, ಒಂದು ತುದಿಗೆ ಇತ್ತು. ಮನೆ ಹೋಯಿತು, ಅವರೂ ಹೆಂಡತಿಯೂ ತಾಯಿಯಿಲ್ಲದ ಒಬ್ಬ ಮೊಮ್ಮಗಳೂ ಉಳಿದರು. ಹೆಣಗಳನ್ನು ಸುಡುವ ಹೂಳುವ ಕೆಲಸ ಮುಗಿಯುವ ಮೊದಲೇ ಊರು ಒಂದು ತೀರ್ಮಾನಕ್ಕೆ ಬಂದಿತ್ತು: ನೀರುಗಂಟಿ ಹೊತ್ತಿಗೆ ಸರಿಯಾಗಿ ತೂಬು ಎತ್ತಲಿಲ್ಲ, ಕುಡಿದು ಬಿದ್ದಿದ್ದ. ಆ ಮನುಷ್ಯ ಕುಡಿಯುವವರಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ಮಾತೇ ಊರಿನಲ್ಲಿ ಉಳಿಯಿತು.

ಕೆಲವು ತಿಂಗಳ ಮೇಲೆ ಅವರ ಹೆಂಡತಿ ಆಸ್ಪತ್ರೆಗೆ ಬಂದರು. ಎಲ್ಲ ರೋಗಿಗಳೂ ಹೋಗುವವರೆಗೆ ಗೋಡೆಗೊರಗಿ ನಿಂತಿದ್ದು ಆಮೇಲೆ ಹತ್ತಿರ ಬಂದರು.

"ಡಾಕ್ಟ್ರಮ್ಮ, ನಮ್ಮೋರು ಉಣ್ಣಲ್ಲ, ಮಾತಾಡಲ್ಲ. ಊರೋರು ಅಂದಿದ್ದಕ್ಕೆ ಹಿಂಗಾಗ್ಯಾರೆ ಅಂತ ಸುಮ್ನಿದ್ದೆ. ಆದ್ರೆ ನನ್ನ ಮುಖನೂ ನೋಡಲ್ಲ. ಎದುರಿಗೆ ಕುಂತ್ರೆ ಗೋಡೆ ಕಡೆ ತಿರುಗ್ತಾರೆ. ನಾನೇನ್ ಮಾಡೀನಿ ಹೇಳ್ರಿ?"

ಅಂದಿನಿಂದ ವಾರಕ್ಕೊಮ್ಮೆ ಅವರು ಉಳಿದಿದ್ದ ಗುಡಿಸಲಿಗೆ ಹೋಗತೊಡಗಿದೆ. ನಿದ್ದೆಗೆ ಮಾತ್ರೆ ಕೊಟ್ಟೆ. ನಾನು ಹೋದಾಗ ಅವರು ಎದ್ದು ನಿಂತು ಕೈಮುಗಿಯುತ್ತಿದ್ದರು, ಮತ್ತೆ ಕೂತುಬಿಡುತ್ತಿದ್ದರು. ನಾನೊಬ್ಬಳೇ ಮಳೆ ಬೆಳೆ ಎಂದು ಏನಾದರೂ ಮಾತಾಡಿ ಬರುತ್ತಿದ್ದೆ. ಇದರಿಂದ ಏನು ಪ್ರಯೋಜನ ಎಂದು ನನಗೇ ಗೊತ್ತಿರಲಿಲ್ಲ.

ಹೀಗಿರುವಾಗ ಚಿತ್ರದುರ್ಗದಿಂದ ಕರೆ ಬಂತು. ಪ್ರವಾಹ, ಬೆಂಕಿಯಂಥ ಆಪತ್ತಿಗೆ ಸಿಕ್ಕವರ ಮನಸ್ಸಿನ ಆರೈಕೆಯ ಬಗ್ಗೆ ವೈದ್ಯರ ಸಮ್ಮೇಳನ, ಬೆಂಗಳೂರಿನಿಂದ ಮನೋವೈದ್ಯರು ಬರುತ್ತಾರೆ, ನಿಮ್ಮ ಕಡೆ ಕೆರೆ ಒಡೆದಿದ್ದರಿಂದ ನೀವು ಮಾತಾಡಬೇಕು, ಒಪ್ಪುವಂಥ ರೋಗಿ ಇದ್ದರೆ ಕರೆತನ್ನಿ ಎಂದರು. ಆಗೆಲ್ಲ ಸಭೆಯಲ್ಲಿ ರೋಗಿಯನ್ನು ಎದುರಿಗೆ ಕೂರಿಸಿಕೊಂಡೇ ಮಾತಾಡುವ ರೂಢಿ ಇತ್ತು. ನಾನು ಹೋಗಿ ನೀರುಗಂಟಿಯವರನ್ನು ಕೇಳಿದೆ. ಒಲ್ಲೆ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡೇ ಕೇಳಿದ್ದೆ.

ಅವರು, "ಅಲ್ಲಿ ನಮ್ಮೂರೋರು ಯಾರಾರ ಇರ್ತಾರಾ?" ಅಂದರು.

"ಯಾರೂ ಇರಲ್ಲ."

"ಹಂಗಾರೆ ಬರ್ತೀನಿ."

ಅದು ಅವರು ನನ್ನೊಂದಿಗೆ ಆಡಿದ ಮೊದಲ ಮಾತು.

ಮೊಮ್ಮಗಳನ್ನು ನೆಂಟರ ಮನೆಯಲ್ಲಿ ಬಿಟ್ಟು ಗಂಡಹೆಂಡತಿ ಇಬ್ಬರೂ ಬಂದರು. ಹೊಸದುರ್ಗದಲ್ಲಿ ಬೆಳಗಿನ ಬಸ್ಸು ಹತ್ತಿದೆವು. ದಾರಿಯಲ್ಲಿ ಎಲ್ಲಿ ಕೆರೆ ಏರಿ ಕಂಡರೂ ಅವರು ಹೆಗಲ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದರು. ಹೊಳಲ್ಕೆರೆಯಲ್ಲಿ ಬಸ್ಸು ನಿಂತಾಗ ಹೆಂಡತಿ ಮಂಡಕ್ಕಿ ಕೊಂಡು ಅವರ ಕೈಗೆ ಕೊಟ್ಟರು. ಅವರು ಕಿಟಕಿಯ ಕಡೆ ತಿರುಗಿಕೊಂಡೇ ಅಷ್ಟನ್ನೂ ತಿಂದರು. ಹೆಂಡತಿ ನನ್ನ ಕಡೆ ನೋಡಿ ತಲೆಯಾಡಿಸಿದರು, ಉಂಡರಲ್ಲ ಎನ್ನುವ ಹಾಗೆ.

ಸಮ್ಮೇಳನ ನಡೆದದ್ದು ಒಂದು ಹಾಸ್ಟೆಲಿನ ಸಭಾಂಗಣದಲ್ಲಿ. ಜಿಲ್ಲೆಯ ವೈದ್ಯರೆಲ್ಲ ಬಂದಿದ್ದರು. ಕೆಲವರು ಟೈ ಕಟ್ಟಿದ್ದರು. ಮುಂದಿನ ಸಾಲಿನಲ್ಲಿ ಬೇರೆ ಬೇರೆ ಇಲಾಖೆಗಳ ಅಧಿಕಾರಿಗಳು ಕೂತಿದ್ದರು. ಪರದೆಯ ಮೇಲೆ ಯಾವುದೋ ದೇಶದ ಭೂಕಂಪದ ಚಿತ್ರಗಳನ್ನು ತೋರಿಸಿದರು. ಎಲ್ಲ ಇಂಗ್ಲಿಷಿನಲ್ಲಿ. ಒಂದು ಚಿತ್ರದಲ್ಲಿ ಹೊದಿಕೆ ಹೊದ್ದ ಮುದುಕಿಯೊಬ್ಬಳು ಕೆಸರಿನಲ್ಲಿ ಕೂತಿದ್ದಳು. ನನ್ನ ಮೂಗಿಗೆ ಮತ್ತೆ ಅದೇ ವಾಸನೆ ಬಂತು. ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಮುಖ ತೊಳೆದು ಬಂದೆ. ಇಂಥದ್ದು ಡಾಕ್ಟರಿಗೂ ಆಗಬಹುದೇ ಎಂದು ಯಾರನ್ನಾದರೂ ಕೇಳಬೇಕೆನ್ನಿಸಿತು. ಕೇಳಲು ನಾಚಿಕೆಯಾಯಿತು. ಆ ಸಭೆಯಲ್ಲಿ ಇದ್ದ ಹೆಂಗಸು ನಾನೊಬ್ಬಳೇ.

ನನ್ನ ಸರದಿ ಬಂದಾಗ ನಡೆದದ್ದನ್ನು ಚಿಕ್ಕದಾಗಿ ಹೇಳಿ ನೀರುಗಂಟಿಯವರನ್ನು ಒಳಗೆ ಕರೆದೆ. ಬೆಂಗಳೂರಿನ ಹಿರಿಯ ಮನೋವೈದ್ಯರು ಎದ್ದು ತಾವೇ ಒಂದು ಕುರ್ಚಿ ಎಳೆದು ಹಾಕಿದರು. ಊರಿನಲ್ಲಿ ಯಾರೆದುರೂ ಕುರ್ಚಿಯಲ್ಲಿ ಕೂತು ರೂಢಿಯಿಲ್ಲದ ಮನುಷ್ಯ ನಿಂತೇ ಇದ್ದರು.

"ಕೂತ್ಕೊಳ್ಳಿ ಯಜಮಾನ್ರೇ. ನೀವು ಕೂರೋವರೆಗೂ ನಾನೂ ಕೂರಲ್ಲ," ಎಂದರು ಹಿರಿಯರು.

ಅವರು ಕುರ್ಚಿಯ ಅಂಚಿನಲ್ಲಿ ಕೂತರು. ಹೆಂಡತಿ ಬಾಗಿಲ ಬಳಿಯೇ ಉಳಿದರು. ಹಿರಿಯರು ಕಾಯಿಲೆಯ ಮಾತೇ ಎತ್ತಲಿಲ್ಲ. ನಿಮ್ಮ ಕೆರೆ ಎಷ್ಟು ದೊಡ್ಡದು, ತೂಬು ಎತ್ತುವುದು ಹೇಗೆ ಎಂದು ಕೇಳಿದರು. ನೀರುಗಂಟಿ ಮೊದಮೊದಲು ತಡವರಿಸಿ, ಆಮೇಲೆ ಕೈಯಾಡಿಸುತ್ತಾ ವಿವರಿಸತೊಡಗಿದರು. ನಾನು ಬೆರಗಾಗಿ ನೋಡುತ್ತಿದ್ದೆ.

"ಅವತ್ತು ಏನಾಯ್ತು?" ಎಂದು ಹಿರಿಯರು ಮೆಲ್ಲಗೆ ಕೇಳಿದರು.

"ಅವತ್ತಿನ ಮಾತಲ್ಲ ಸ್ವಾಮಿ. ಅದಕ್ಕೂ ಮುಂಚೆನೇ ಏರಿ ಬುಡದಾಗೆ ನೀರು ಜಿನುಗ್ತಿತ್ತು. ನಾನು ನೋಡಿದ್ದೆ. ಊರ ಯಜಮಾನ್ರಿಗೆ ಹೇಳ್ದೆ. ಓವರ್‌ಸಿಯರ್ ಬಂದಾಗ ಕರ್ಕಂಡ್ ಹೋಗಿ ತೋರಿಸ್ದೆ. ಮಳೆಗಾಲ ಮುಗೀಲಿ ನೋಡಾಣ ಅಂದ್ರು. ತೂಬು ಎತ್ತೋ ಸರಳು ಬಾಗಿತ್ತು, ಅದನ್ನೂ…"

ಮುಂದಿನ ಸಾಲಿನಲ್ಲಿ ಒಬ್ಬ ಅಧಿಕಾರಿ ಎದ್ದು ನಿಂತರು. ಸಿಟ್ಟೇನೂ ಇರಲಿಲ್ಲ ಅವರ ದನಿಯಲ್ಲಿ. "ಕ್ಷಮಿಸಿ ಡಾಕ್ಟರೇ, ಇದು ವಿಚಾರಣೆಯಲ್ಲಿರೋ ವಿಷಯ. ಮನಸ್ಸಿನ ವಿಷಯ ಏನಾದ್ರೂ ಇದ್ರೆ ಕೇಳಿ. ಇದು ಇಲ್ಲಿ ಬೇಡ."

ನೀರುಗಂಟಿ ಬಾಯಿ ಮುಚ್ಚಿದರು. ಹಿರಿಯರು, "ಇದೇ ಇವರ ಮನಸ್ಸಿನ ವಿಷಯ," ಎಂದರು. ಆದರೆ ಅಷ್ಟರಲ್ಲಿ ಸಭೆ ನಡೆಸುತ್ತಿದ್ದವರು ಗಡಿಯಾರ ನೋಡಿ, ಹೊತ್ತಾಯಿತು, ಮುಂದಿನವರು ಬರಬೇಕು ಎಂದು ಕೂಗಿಬಿಟ್ಟರು. ರೂಢಿಯಂತೆ ಕೆಲವರು ಚಪ್ಪಾಳೆ ತಟ್ಟಿದರು. ಯಾರಿಗೆ ಚಪ್ಪಾಳೆ ಎಂದು ತಿಳಿಯದೆ ಆ ಮನುಷ್ಯ ಸಭೆಗೆ ಕೈಮುಗಿದು ಹೊರಗೆ ಹೋದರು. ಇಷ್ಟು ತಿಂಗಳ ಮೇಲೆ ಬಾಯಿ ತೆರೆದವರನ್ನು ಇಲ್ಲಿಗೆ ಕರೆತಂದು ಬಾಯಿ ಮುಚ್ಚಿಸಿದ ಹಾಗಾಯಿತಲ್ಲ ಎಂದುಕೊಳ್ಳುತ್ತಾ ನಾನೂ ಹೊರಗೆ ಹೋದೆ.

ಹಿರಿಯರು ಸಭೆ ಬಿಟ್ಟು ನಮ್ಮ ಹಿಂದೆಯೇ ಬಂದರು. ಹೊರಗಿನ ವರಾಂಡದಲ್ಲಿ ನೆಲದ ಮೇಲೆ ಕೂತರು, ಕೋಟಿನ ಸಮೇತ. ನಾವೂ ಕೂತೆವು. ಯಾರೋ ಚಹಾ ತಂದಿಟ್ಟು ಹೋದರು.

ಆಮೇಲೆ ನೀರುಗಂಟಿಯೇ ಶುರುಮಾಡಿದರು. "ಊರೋರು ತೂಬು ಎತ್ತಲಿಲ್ಲ ಅಂತಾರೆ. ಎತ್ತಾಕೆ ಹೋಗಿದ್ದೆ. ಸರಳು ಏಳಲಿಲ್ಲ. ಅದು ನನ್ನ ಕೈಯಾಗಿರಲಿಲ್ಲ. ಅದರದ್ದು ನನಗೇನೂ ಸಂಕಟ ಇಲ್ಲ ಸ್ವಾಮಿ."

"ಮತ್ತೆ?"

"ಏರಿ ಬಿರುಕು ಬಿಟ್ಟಿದ್ದು ಕಂಡೆ. ಕೇರಿಗೆ ಹೋಗೋ ದಾರಿ ಎರಡು ಅವೆ. ಒಂದರಾಗೆ ಹೋದ್ರೆ ಎಲ್ಲಾರ ಮನೆ ಬಾಗ್ಲು ಬಡೀಬೋದಿತ್ತು. ಇನ್ನೊಂದು ನಮ್ಮನೆ ಹಿಂದ್ಲಿಗೆ ಹೋಗ್ತೈತೆ. ನಾನು…" ಚಹಾದ ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದರು. "ನಾನು ನಮ್ಮನೇಗೆ ಓಡ್ದೆ. ಕೂಗ್ಲಿಲ್ಲ. ಕೂಗೋಕೆ ದನಿ ಬರ್ಲಿಲ್ಲವೋ, ನಾನೇ ಕೂಗ್ಲಿಲ್ಲವೋ, ಗೊತ್ತಾಗ್ತಿಲ್ಲ. ಇವಳನ್ನೂ ಮಗೂನೂ ಎಳ್ಕಂಡು ದಿಬ್ಬ ಹತ್ತಿಸ್ದೆ. ತಿರುಗಿ ನೋಡಿದ್ರೆ ಕೇರಿ ಇಲ್ಲ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಸೆರಗು ತೆಗೆದು ಕೇಳಿದರು, "ಅದಕ್ಕೇನಾ ನನ್ನ ಮುಖ ನೋಡಲ್ಲ ನೀವು?"

ಅವರು ತಲೆ ತಗ್ಗಿಸಿಕೊಂಡೇ ಹೇಳಿದರು. "ನಿನ್ನ ನೋಡಿದ್ರೆ ಅವ್ರೆಲ್ಲ ಕಾಣ್ತಾರೆ. ನೀನಿದೀಯಲ್ಲ, ಅವ್ರಿಲ್ಲವಲ್ಲ ಅಂತ."

ಹಿರಿಯರು ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ತಪ್ಪು ನಿಮ್ಮದಲ್ಲ ಎನ್ನಲೂ ಇಲ್ಲ. ನಾನು ಅದನ್ನೇ ನಿರೀಕ್ಷಿಸುತ್ತಿದ್ದೆ, ಹೇಳಬಾರದೇ ಎಂದು ಒಳಗೊಳಗೇ ಸಿಟ್ಟೂ ಬಂತು. ಅವರು ನೀರುಗಂಟಿಯ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನಮಗೆ ಹೇಳಿದ್ದು ಅರ್ಧ ದಾರಿ. ಯಾರಿಗೆ ಹೇಳಬೇಕೋ ಅವರಿಗೆ ಹೇಳೋವರೆಗೂ ಇವರಿಗೆ ನೆಮ್ಮದಿ ಇಲ್ಲ. ನೀವು ಅವಸರ ಮಾಡಬೇಡಿ. ಒಂಟಿಯಾಗಿ ಮಾತ್ರ ಬಿಡಬೇಡಿ." ಆಮೇಲೆ ನನ್ನ ಮುಖ ನೋಡಿ, "ನೀವು ನಿದ್ದೆ ಮಾಡ್ತಿದ್ದೀರಾ?" ಎಂದರು. ನಾನು ಹೌದು ಎಂದೆ. ಸುಳ್ಳು ಎಂದು ಅವರಿಗೆ ಗೊತ್ತಾಯಿತು. ಕೆಸರಿನ ವಾಸನೆಯ ವಿಷಯವನ್ನು ಆಗ ಅವರಿಗೆ ಹೇಳಿದೆ. ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲೇ.

ಊರಿಗೆ ಬಂದ ಮೇಲೆ ನಾನು ಊರ ಯಜಮಾನರ ಮನೆಗೆ ಹೋದೆ. ತೆಂಗಿನ ತೋಟದವರು, ಹಣೆತುಂಬ ವಿಭೂತಿ, ಒಳ್ಳೆಯ ಮಾತಿನ ಮನುಷ್ಯ. ನೀರುಗಂಟಿ ಕುಡಿದಿದ್ದ ಎನ್ನುವ ಮಾತನ್ನಾದರೂ ಜನ ಬಿಡುವಂತೆ ಒಂದು ಮಾತು ಹೇಳಿ ಎಂದು ಕೇಳಿಕೊಂಡೆ.

"ಈಗ ಅದನ್ನೆಲ್ಲ ಕೆದಕಿ ಏನು ಬರ್ತೈತೆ ಡಾಕ್ಟ್ರಮ್ಮ. ಸತ್ತೋರು ಎದ್ದು ಬರ್ತಾರಾ?"

"ಏರಿ ಜಿನುಗ್ತಿರೋದನ್ನ ಅವರು ನಿಮಗೆ ಮೊದಲೇ ಹೇಳಿದ್ದರಂತೆ."

ಅವರು ಅಂಗಳದ ಕಡೆ ನೋಡಿದರು. ಆಮೇಲೆ, "ಕಾಫಿ ಆರ್ತೈತೆ, ಕುಡೀರಿ," ಎಂದರು.

ಅಲ್ಲಿಗೆ ಆ ಬಾಗಿಲು ಮುಚ್ಚಿತು. ವಿಚಾರಣೆಯ ಸುದ್ದಿಯೂ ನಾನಿದ್ದಷ್ಟು ಕಾಲ ಬರಲಿಲ್ಲ.

ಮುಂದೆ ಬೇಸಿಗೆಯ ಒಂದು ದಿನ ನಾನು ಗುಡಿಸಲಿಗೆ ಹೋದಾಗ ನೀರುಗಂಟಿ ಹೊರಗೆ ಕೂತು ಹಗ್ಗ ಹೊಸೆಯುತ್ತಿದ್ದರು. "ಬರ್ರಿ, ಕುಂತ್ಕಳ್ರಿ," ಎಂದು ಅವರೇ ಕರೆದರು. ಹಿಂದಿನ ದಿನ ಕುರಿಯವರ ಹೆಂಗಸೊಬ್ಬಳ ಮನೆಗೆ ಹೋಗಿದ್ದರಂತೆ. ಗಂಡನನ್ನೂ ಮಗನನ್ನೂ ಆ ಕೆರೆಗೆ ಕಳೆದುಕೊಂಡವಳು ಆಕೆ. ಅವಳ ಬಾಗಿಲಲ್ಲಿ ನಿಂತು ದುರ್ಗದ ವರಾಂಡದಲ್ಲಿ ಹೇಳಿದ್ದನ್ನೆಲ್ಲ ಹೇಳಿದರಂತೆ.

"ಏನಂದಳು?" ಎಂದೆ.

"ನೀನು ಓಡಿದ್ದು ನಾನು ನೋಡೀನಿ ಅಂದ್ಲು. ದಿಬ್ಬದ ಮೇಲೆ ಕುರಿ ಹಟ್ಟಿತಾವ ಇದ್ಲಂತೆ. ನೋಡೀನಿ, ಯಾರಿಗೂ ಹೇಳಿಲ್ಲ, ಹೇಳಾದೂ ಇಲ್ಲ. ಆದ್ರೆ ಒಂದು ಕೂಗು ಕೂಗಬಾರದಿತ್ತೇನೋ ಲೇ, ಒಂದೇ ಒಂದು ಕೂಗು, ಅಂದ್ಲು. ಬೈದ್ಲು. ಬಾಯಿಗೆ ಬಂದಂಗೆ ಬೈದು, ಇನ್ನು ನಮ್ಮ ಬಾಗ್ಲಿಗೆ ಬರಬ್ಯಾಡ ಅಂದ್ಲು."

ಅವರು ಹಗ್ಗವನ್ನು ತೊಡೆಯ ಮೇಲಿಟ್ಟುಕೊಂಡು, "ಊರೋರು ನಾನು ಮಾಡದ ತಪ್ಪಿಗೆ ಬೈತಿದ್ರು ಡಾಕ್ಟ್ರಮ್ಮ. ಇವಳು ಮಾಡಿದ ತಪ್ಪಿಗೆ ಬೈದ್ಲು. ನಿನ್ನೆ ನಿದ್ದೆ ಬಂತು," ಎಂದರು.

ಅದನ್ನು ವಾಸಿಯಾದದ್ದು ಎನ್ನಲು ನನಗೆ ಇಂದಿಗೂ ಧೈರ್ಯವಿಲ್ಲ. ಆ ಹೆಂಗಸಿಗೆ ಅವರ ಮಾತಿನಿಂದ ಏನಾಯಿತು ಎನ್ನುವುದೂ ನನ್ನನ್ನು ಕಾಡುತ್ತದೆ. ಅವಳನ್ನು ನೋಡಲು ಹೋಗಿದ್ದೆ. ಕುರಿಗಳನ್ನು ಹೊಡೆದುಕೊಂಡು ಹೊರಟಿದ್ದಳು, ನಿಲ್ಲಲಿಲ್ಲ. "ನನಗೇನೂ ಕಾಯಿಲೆ ಇಲ್ಲ, ಹೋಗ್ರಿ," ಎಂದಳು. ಸಮ್ಮೇಳನದಲ್ಲಿ ಅವಳಂಥವರ ವಿಷಯ ಯಾರೂ ಎತ್ತಿರಲಿಲ್ಲ. ಬಾಗಿಲಿಗೆ ಬಂದವರ ಭಾರವನ್ನೂ ತಮ್ಮ ಮೇಲೆ ಹೊತ್ತು ಉಳಿದವರ ವಿಷಯ.

ಆ ಮಳೆಗಾಲಕ್ಕೆ ಮೊದಲೇ ನೀರುಗಂಟಿ ಸಂಸಾರ ಊರು ಬಿಟ್ಟು ಹಿರಿಯೂರಿನ ಕಡೆ ಹೋಯಿತು. ಅಲ್ಲಿ ಯಾರದೋ ತೋಟಕ್ಕೆ ನೀರು ಕಟ್ಟುವ ಕೆಲಸ. ನನಗೂ ಆಮೇಲೆ ವರ್ಗವಾಯಿತು. ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಅವರ ಹೆಂಡತಿ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಎತ್ತರಕ್ಕೆ ಬೆಳೆದ ಮೊಮ್ಮಗಳು. ನನ್ನ ಕೈ ಹಿಡಿದುಕೊಂಡು ಬಿಡಲಿಲ್ಲ.

"ಹೇಗಿದ್ದಾರೆ?" ಎಂದೆ.

"ಅವ್ರೆ. ಕೆಲಸ ಮಾಡ್ತಾರೆ, ಉಣ್ತಾರೆ. ನನ್ನ ಕೂಡ ಮಾತಾಡ್ತಾರೆ. ಮಳೆ ಬಂದ್ರೆ ಮಾತ್ರ ಎದ್ದು ಕುಂತ್ಕಂತಾರೆ. ನಾನೂ ಎದ್ದು ಕುಂತ್ಕಂತೀನಿ."

"ಆಗ ಏನು ಮಾತಾಡ್ತೀರಿ?"

"ಏನ್ ಮಾತು ಡಾಕ್ಟ್ರಮ್ಮ. ಮಳೆ ನಿಲ್ಲೋವರೆಗೂ ಕುಂತಿರ್ತೀವಿ."