ಅಕ್ಕಿಹುಳದ ಗೆರೆ

2009ರಲ್ಲಿ ನಾನು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿದ್ದೆ. ವೃತ್ತಿ ಸೈಂಟಿಫಿಕ್ ಇಲಸ್ಟ್ರೇಟರ್. ಅಂದರೆ ಪಠ್ಯಪುಸ್ತಕಗಳಿಗೆ, ಸಂಶೋಧನಾ ಲೇಖನಗಳಿಗೆ, ಕೀಟನಾಶಕದ ಕರಪತ್ರಗಳಿಗೆ ಹುಳಹುಪ್ಪಟೆಗಳ ಚಿತ್ರ ಬರೆಯುವವನು. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಥಾಣೆಯ ಒಂದು ಲ್ಯಾಬ್ ಸೇರಿದೆ. ಅದನ್ನು ಬಿಟ್ಟು ಒಂದು ಪ್ರಕಾಶನ ಸಂಸ್ಥೆ, ಅದನ್ನೂ ಬಿಟ್ಟು ಇನ್ನೊಂದು. ಎಲ್ಲಿಯೂ ಕಾಲು ನಿಲ್ಲದೆ, ಕೊನೆಗೆ ಮನೆಯ ಬಾಲ್ಕನಿಗೆ ಗಾಜು ಹಾಕಿಸಿ ಅದನ್ನೇ ಸ್ಟುಡಿಯೋ ಎಂದು ಕರೆದುಕೊಂಡಿದ್ದೆ. ಜಾತಕ, ಶಕುನ, ಹಸ್ತರೇಖೆ ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಇತ್ತೀಚೆಗೆ ನನ್ನ ಸ್ವಂತ ನೆನಪಿನ ಮೇಲೂ ನಂಬಿಕೆ ಕಡಿಮೆಯಾಗಿದೆ. ಆದ್ದರಿಂದ ಎಲ್ಲಿ ಖಾತ್ರಿಯಿಲ್ಲವೋ ಅಲ್ಲಿ ಹಾಗೆಂದೇ ಹೇಳಿಬಿಡುತ್ತೇನೆ.

ಆ ವರ್ಷ ನೆರೂಳದಿಂದ ವಿನುತಾ ಎಂಬುವರು ಫೋನ್ ಮಾಡಿದರು. ಉಡುಪಿ ಕಡೆಯವರು, ಒಂದು ಆಫೀಸಿನ ಅಕೌಂಟ್ಸ್ ವಿಭಾಗದ ಕೆಲಸ ಬಿಟ್ಟು ಮನೆಯಲ್ಲೇ ಟ್ಯಾರೋ ಕಾರ್ಡ್ ನೋಡಿ ಭವಿಷ್ಯ ಹೇಳುತ್ತಿದ್ದರು. ಟ್ಯಾರೋ ಎಂದರೆ ಎಪ್ಪತ್ತೆಂಟು ಚಿತ್ರಕಾರ್ಡುಗಳ ಒಂದು ಕಟ್ಟು. ಪ್ರಶ್ನೆ ಕೇಳಿದವರು ಕಾರ್ಡ್ ಎತ್ತುತ್ತಾರೆ, ನೋಡುವವರು ಚಿತ್ರದ ಅರ್ಥ ಹೇಳುತ್ತಾರೆ. ವಿನುತಾ ಅವರಿಗೆ ತಮ್ಮದೇ ಒಂದು ಕಟ್ಟು ಬೇಕಾಗಿತ್ತು. ಅದರಲ್ಲಿ ರಾಜ ರಾಣಿಯರ ಬದಲು ಹುಳಗಳಿರಬೇಕಿತ್ತು.

ನಾನು ಆ ಭಾನುವಾರವೇ ಥಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ ನೆರೂಳಕ್ಕೆ ಹೋದೆ. ಹೋಗಿದ್ದು ಬಹುಶಃ ಕುತೂಹಲಕ್ಕೆ. ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ ಎನ್ನುವುದೂ ನಿಜ.

"ನಮ್ಮ ಹೆಂಗಸರು ಆ ಫಾರಿನ್ ಚಿತ್ರ ನೋಡಿ ಹೆದರ್ತಾರೆ ಮಾರಾಯ್ರೆ," ಅಂದರು ವಿನುತಾ. "ಡೆತ್ ಕಾರ್ಡ್ ಬಂದ್ರೆ ಅಸ್ಥಿಪಂಜರ, ಟವರ್ ಬಂದ್ರೆ ಮೇಲಿಂದ ಬೀಳುವ ಜನ. ಒಬ್ಬರು ಚಾ ಕುಡೀದೆ ಎದ್ದು ಹೋದ್ರು. ಜಿರಳೆ, ಇರುವೆ ಆದ್ರೆ ಎಲ್ಲರ ಮನೆಯಲ್ಲೂ ಉಂಟಲ್ಲ?"

"ನನಗ ಇದರಾಗ ನಂಬಿಕಿ ಇಲ್ಲರೀ, ಮೊದಲ ಹೇಳಿಬಿಡ್ತೀನಿ," ಅಂದೆ.

"ನಂಬಿಕೆ ನಂಗೆ ಉಂಟು, ಅದು ಸಾಕು. ನೀವು ಆರು ಕಾಲು ಸರಿಯಾಗಿ ಬರೀರಿ."

ಆ ಒಂದು ಮಾತಿಗೆ ನಾನು ಒಪ್ಪಿಕೊಂಡೆ.

ನಂತರದ ತಿಂಗಳುಗಳು ನನ್ನ ವೃತ್ತಿಯ ಅತ್ಯಂತ ಸಂತೋಷದ ದಿನಗಳು. ಹಾಗೆಂದು ಈಗ ಅನ್ನಿಸುತ್ತದೆ, ಆಗ ಬೈದುಕೊಂಡೇ ಕೆಲಸ ಮಾಡಿರಲೂಬಹುದು. ಯಾವ ಕಾರ್ಡಿಗೆ ಯಾವ ಜೀವಿ ಎಂದು ನಾವಿಬ್ಬರೂ ಫೋನಿನಲ್ಲಿ ಜಗಳವಾಡುತ್ತಿದ್ದೆವು. ಟವರ್‌ಗೆ ಗೆದ್ದಲ ಹುತ್ತ, ಚಂದ್ರನಿಗೆ ದೀಪದ ಪತಂಗ, ರಥಕ್ಕೆ ಸಗಣಿ ಉಂಡೆ ಉರುಳಿಸುವ ದುಂಬಿ ಎಂದು ಬೇಗ ತೀರ್ಮಾನವಾಯಿತು. ತಲೆಕೆಳಗಾಗಿ ನೇತಾಡುವ ಮನುಷ್ಯನ ಜಾಗಕ್ಕೆ ಚಿಟ್ಟೆಯ ಕೋಶ ಬಂತು. ಡೆವಿಲ್‌ಗೆ ತಿಗಣೆ ಇರಲಿ ಎಂದವನು ನಾನು. ಹೊಸದಾಗಿ ಮುಂಬಯಿಗೆ ಬಂದಾಗ ದಿವಾದ ಚಾಳಿನಲ್ಲಿ ಬಾಡಿಗೆಗಿದ್ದವನಿಗೆ ಬೇರೆ ಸೈತಾನ ಹೊಳೆಯಲಿಲ್ಲ. ಡೆತ್‌ಗೆ ಏರೋಪ್ಲೇನ್ ಚಿಟ್ಟೆ ಬಿಟ್ಟು ಹೋದ ಹಳೆಯ ಪೊರೆ. ಆ ಪೊರೆಯನ್ನು ಥಾಣೆಯ ಕೆರೆಯ ದಂಡೆಯಲ್ಲಿ ಮೊಣಕಾಲೂರಿ ಹುಡುಕಿದ್ದೆ. ವಾಕಿಂಗ್ ಬಂದವರೊಬ್ಬರು ಚಷ್ಮಾ ಕಳೆಯಿತೇ ಎಂದು ಕೇಳಿ ತಾವೂ ಹುಡುಕತೊಡಗಿದರು.

ಹರ್ಮಿಟ್ ಎಂಬ ಕಾರ್ಡಿದೆ. ಒಂಟಿಯಾಗಿರುವ ಸಾಧು, ಕೈಯಲ್ಲಿ ಕೋಲು. ಅದಕ್ಕೆ ನಾನು ಅಕ್ಕಿಹುಳವನ್ನು ಆರಿಸಿದೆ. ಅದರ ಮರಿ ಒಂದೇ ಕಾಳಿನೊಳಗೆ ಒಂಟಿಯಾಗಿ ಬೆಳೆಯುತ್ತದೆ, ದೊಡ್ಡದಾದ ಮೇಲೆ ಕಾಳನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಮುಂದೆ ಚಾಚಿದ ಸೊಂಡಿಲು ಕೋಲಿನಂತೆಯೇ ಕಾಣುತ್ತದೆ. ಮೈಕ್ರೋಸ್ಕೋಪಿನ ಕೆಳಗಿಟ್ಟು ಬೆನ್ನಿನ ಒಂದೊಂದು ಗುಳಿಯನ್ನೂ ಬರೆದೆ. ಇಡೀ ಕಟ್ಟಿನಲ್ಲಿ ನನಗೆ ಹೆಚ್ಚು ಇಷ್ಟವಾದ ಚಿತ್ರ ಅದೇ.

ನಮ್ಮ ವೃತ್ತಿಯಲ್ಲಿ ಒಂದು ಪದ್ಧತಿಯಿದೆ. ಕೀಟವನ್ನು ದೊಡ್ಡದಾಗಿ ಬರೆದಾಗ ಪಕ್ಕದಲ್ಲಿ ಒಂದು ಸಣ್ಣ ಗೆರೆ ಹಾಕುತ್ತೇವೆ. ಗೆರೆಯ ಉದ್ದವೇ ಆ ಕೀಟದ ನಿಜವಾದ ಉದ್ದ. ಅದಿಲ್ಲದಿದ್ದರೆ ಓದುವವನಿಗೆ ಸೊಳ್ಳೆಯೂ ಜಿರಳೆಯೂ ಒಂದೇ ಅಳತೆ. ಎಪ್ಪತ್ತೆಂಟು ಕಾರ್ಡುಗಳಿಗೂ ನಾನು ಕೆಳಗಿನ ಮೂಲೆಯಲ್ಲಿ ಈ ಗೆರೆ ಹಾಕಿದೆ; ಹುತ್ತದ ಕಾರ್ಡಿನಲ್ಲಿ ಅದು ಒಂದು ಗೆದ್ದಲಿನ ಉದ್ದ. ಕಡ್ಡಿಹುಳದ್ದು ಕಾರ್ಡಿನ ಅಂಚಿನುದ್ದಕ್ಕೂ ಹೋಯಿತು. ಅಕ್ಕಿಹುಳದ್ದು ಮೂರು ಮಿಲಿಮೀಟರ್, ನೋಡಿದರೆ ಪೆನ್ನು ಜಾರಿದ ಗುರುತಿನ ಹಾಗೆ.

"ಈ ಗೆರೆ ಎಂತಕ್ಕೆ?" ಎಂದು ವಿನುತಾ ಕೇಳಿದರು. ನಾನು ವಿವರಿಸಿದೆ. ಕೇಳಿಸಿಕೊಂಡರೋ ಇಲ್ಲವೋ, "ಇರ್ಲಿ ಬಿಡಿ, ಚಂದ ಕಾಣ್ತದೆ," ಅಂದರು.

ಘಣಸೋಲಿಯ ಒಂದು ಪ್ರೆಸ್ಸಿನಲ್ಲಿ ಕಾರ್ಡುಗಳು ಅಚ್ಚಾದವು. ಮೊದಲ ಡಬ್ಬಿ ಕೈಗೆ ಬಂದಾಗ ವಿನುತಾ ಅದನ್ನು ತೆರೆಯುವ ಮುಂಚೆ ಮೂಸಿ ನೋಡಿದ್ದು ನೆನಪಿದೆ. ಆ ಶಾಯಿಯ ವಾಸನೆ ಈಗಲೂ ಎಲ್ಲಾದರೂ ಬಂದರೆ ನಾನು ಎರಡು ನಿಮಿಷ ನಿಲ್ಲುತ್ತೇನೆ.

ಮುಂದಿನ ವರ್ಷ ಮಳೆಗಾಲ ಕಳೆದ ಮೇಲೆ, ಅಥವಾ ಕಳೆಯುತ್ತಿದ್ದಾಗ, ಒಂದು ಬೆಳಿಗ್ಗೆ ವಿನುತಾ ಫೋನ್ ಮಾಡಿದರು.

"ದೇಸಾಯ್ರೆ, ನಿಮ್ಮ ಗೆರೆಯಿಂದ ಒಂದು ಹೆಂಗಸು ಸಾಯ್ತಾಳೆ ಈಗ."

ವಿಷಯ ಹೀಗಿತ್ತು. ಕಲ್ಯಾಣದಲ್ಲಿ ಜಲಜಕ್ಕ ಎಂಬುವರಿದ್ದರು. ಅವರ ಗಂಡನದು ಸ್ಟೇಷನ್ನಿನ ಹತ್ತಿರ ಒಂದು ಚಿಕ್ಕ ಹೋಟೆಲು. ಜಲಜಕ್ಕನ ಗರ್ಭಕೋಶದಲ್ಲಿ ಗಡ್ಡೆಯಿತ್ತು. ರಕ್ತಸ್ರಾವ ನಿಲ್ಲದೆ ಮುಖ ಬಿಳಚಿಕೊಂಡಿತ್ತು. ತಡ ಮಾಡಬೇಡಿ, ಆಪರೇಷನ್ ಆಗಲೇಬೇಕು ಎಂದಿದ್ದರು ಡಾಕ್ಟರು. ದಿನ ಗೊತ್ತಾದ ಮೇಲೆ ಜಲಜಕ್ಕ ನೆರೂಳಕ್ಕೆ ಬಂದು, ಆಪರೇಷನ್ ಹೇಗಾಗುತ್ತದೆ ಎಂದು ಕೇಳಿ ಕಾರ್ಡ್ ಎತ್ತಿದರು. ಬಂದದ್ದು ಹರ್ಮಿಟ್. ಒಳ್ಳೆಯದೇ, ಸ್ವಲ್ಪ ದಿನ ಒಬ್ಬರೇ ವಿಶ್ರಾಂತಿ ತೆಗೆದುಕೊಳ್ಳುತ್ತೀರಿ ಎಂದು ವಿನುತಾ ಹೇಳಿ ಕಳಿಸಿದರು. ಜಲಜಕ್ಕ ಮನೆಗೆ ಹೋದವರೇ ಆಪರೇಷನ್ ಕ್ಯಾನ್ಸಲ್ ಮಾಡಿದರು.

ಯಾಕೆಂದು ಮಗಳು ರಶ್ಮಿ ಒತ್ತಾಯಿಸಿ ಕೇಳಿದಾಗ ಗೊತ್ತಾಯಿತು. ಜಲಜಕ್ಕನ ಭಜನಾ ಮಂಡಳಿಯಲ್ಲಿ ವಿನುತಾ ಅವರ ಹತ್ತಿರ ಹೋಗಿ ಬಂದವರು ಕೆಲವರಿದ್ದರು. ಕಾರ್ಡಿನ ಮೂಲೆಯ ಗೆರೆ ಆಯುಷ್ಯದ ಗೆರೆ ಎಂದು ಅವರೆಲ್ಲ ತಮ್ಮಲ್ಲೇ ತೀರ್ಮಾನಿಸಿಬಿಟ್ಟಿದ್ದರು. ಅಂಗೈಯಲ್ಲಿ ಇದ್ದಹಾಗೆ ಕಾರ್ಡಿನಲ್ಲೂ ಇದೆ, ಅದನ್ನೇನು ಕೇಳುವುದು? ಡೆತ್ ಕಾರ್ಡಿನ ಗೆರೆ ಉದ್ದವಾಗಿದ್ದರಿಂದ ಅದು ಬಂದವರು ಸಂತೋಷದಿಂದ ಎದ್ದು ಹೋಗುತ್ತಿದ್ದರಂತೆ. ತಮ್ಮ ವಿವರಣೆಯೇ ಚೆನ್ನಾಗಿದೆ ಎಂದುಕೊಂಡಿದ್ದರು ವಿನುತಾ.

ನಾವಿಬ್ಬರೂ ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಭೇಟಿಯಾದೆವು. ನಾನು ಗಾಡಿಯಲ್ಲಿ ವಾದ ಸಿದ್ಧಮಾಡಿಕೊಂಡು ಬಂದಿದ್ದೆ: ಎಪ್ಪತ್ತೆಂಟರಲ್ಲಿ ಯಾವುದೋ ಒಂದು ಬರಲೇಬೇಕು, ಅದು ಬಂತು, ಅಷ್ಟೇ.

"ಇದೆಲ್ಲ ಸುಳ್ಳು ಅಂತ ಹೇಳ್ಬೇಡಿ," ಅಂದರು ವಿನುತಾ. ಜನ ಅವರನ್ನು ತಳ್ಳಿಕೊಂಡು ಹೋಗುತ್ತಿದ್ದರು.

"ನಿಮ್ಮ ಧಂಧಾಕ್ಕ ಹೊಡೆತ ಅಂತೇನು?"

"ಧಂಧಾ ಹೋಗ್ಲಿ. ನೀವು ಸುಳ್ಳು ಅಂದ್ರೆ ಅವರು ನಿಮ್ಮನ್ನು ನಂಬುದಿಲ್ಲ. ಕಾರ್ಡನ್ನೇ ಇನ್ನೂ ಗಟ್ಟಿ ನಂಬ್ತಾರೆ. ನಂಗೆ ಅವರು ಗೊತ್ತುಂಟು, ನಿಮ್ಗೆ ಹುಳ ಮಾತ್ರ ಗೊತ್ತು."

ಹೋಟೆಲಿನ ಮೇಲಿನ ಮಹಡಿಯಲ್ಲೇ ಮನೆ. ಕೆಳಗಿನಿಂದ ಸಾಂಬಾರಿನ ವಾಸನೆಯೂ ಪಾತ್ರೆಗಳ ಸದ್ದೂ ಬರುತ್ತಿದ್ದವು. ಜಲಜಕ್ಕ ದೀವಾನಿನ ಮೇಲೆ ಕಾಲು ಮಡಚಿ ಕುಳಿತಿದ್ದರು. ಮಾತಿನಲ್ಲಿ ಗತ್ತಿತ್ತು, ಮೈಯಲ್ಲಿ ರಕ್ತವಿರಲಿಲ್ಲ. ರಶ್ಮಿ ಆಫೀಸಿಗೆ ರಜೆ ಹಾಕಿ ಬಾಗಿಲ ಬಳಿ ನಿಂತಿದ್ದಳು.

ವಿನುತಾ ತಂದಿದ್ದ ಕಟ್ಟಿನಿಂದ ಹರ್ಮಿಟ್ ಕಾರ್ಡನ್ನು ಜಲಜಕ್ಕನ ಕೈಗೆ ಕೊಟ್ಟು ನಾನು ಗೆರೆಯ ಅರ್ಥ ಹೇಳಿದೆ. ಪಾಠ ಮಾಡುವ ಹಾಗೆ ಎರಡು ಸಲ ಹೇಳಿದೆ.

"ಇವರು ಬಂದು ಹೀಗೆ ಹೇಳ್ತಾರೆ ಅಂತ ನಂಗೆ ಗೊತ್ತಿತ್ತು," ಅಂದರು ಜಲಜಕ್ಕ. "ನಾನು ಹೆದರಬಾರದು ಅಂತ ನೀವೆಲ್ಲ ಸೇರಿ ಮಾತಾಡಿಕೊಂಡು ಬಂದದ್ದು."

"ಇಲ್ಲರೀ, ಆ ಗೆರಿ ನಾನ ಹಾಕಿದ್ದು."

"ಹಾಕಿದ್ದು ನೀವು. ಬಂದದ್ದು ನಂಗಲ್ವಾ?"

ಸಂಭವನೀಯತೆಯ ಲೆಕ್ಕ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ರಶ್ಮಿ ಬಾಗಿಲಿನಿಂದ, "ಮಮ್ಮಿ, ಪ್ಲೀಸ್. ಸಾಮ್ನೆ ಬೈಠಾ ಹೈ ಬನಾನೇವಾಲಾ," ಅಂದಳು; ಬರೆದವನೇ ಎದುರಿಗೆ ಕೂತಿದ್ದಾನಲ್ಲ ಎಂದು. ಜಲಜಕ್ಕ ಅವಳತ್ತ ನೋಡಲೂ ಇಲ್ಲ. ಕಾರ್ಡನ್ನು ಕೈಯಲ್ಲಿ ತಿರುಗಿಸುತ್ತ, "ಅಷ್ಟಕ್ಕೂ ಇದು ಯಾವ ಪ್ರಾಣಿ? ಆನೆಯ ಹಾಗೆ ಸೊಂಡಿಲುಂಟು," ಎಂದರು.

"ಅಕ್ಕಿಹುಳ," ಅಂದೆ.

ಅವರು ನನ್ನನ್ನೇ ನೋಡಿದರು. "ಮದುವೆಯಾಗಿ ಬಂದಾಗಿನಿಂದ ಈ ಹೋಟ್ಲಿಗೆ ಅಕ್ಕಿ ಆರಿಸಿದವಳು ನಾನು. ಅಕ್ಕಿಹುಳ ನಂಗೆ ಗೊತ್ತಿಲ್ವಾ? ಇದು ಅಕ್ಕಿಹುಳ ಅಂತೆ."

"ದೊಡ್ಡದು ಮಾಡಿ ಬರದದ್ದರೀ. ಅದಕ್ಕ ಗೆರಿ."

ಜಲಜಕ್ಕ ಗೋಡೆ ಹಿಡಿದು ಎದ್ದರು. ರಶ್ಮಿ ಹಿಡಿಯಲು ಬಂದರೆ ಕೈ ಕೊಡವಿ ಅಡುಗೆಮನೆಗೆ ಹೋಗಿ, ಗೆರಸೆಯಲ್ಲಿ ಒಂದಷ್ಟು ಕುಚ್ಚಲಕ್ಕಿ ಹಾಕಿಕೊಂಡು ಬಂದರು. ಕಿಟಕಿಯ ಬೆಳಕಿಗೆ ಹಿಡಿದು ಕೇರಿದರು. ಒಂದು ಹುಳ ಸಿಕ್ಕಿತು. ಅದನ್ನು ಬೆರಳ ತುದಿಯಲ್ಲಿ ಎತ್ತಿ ಕಾರ್ಡಿನ ಮೂಲೆಯ ಗೆರೆಯ ಮೇಲೆ ಇಟ್ಟರು.

ಹುಳ ಗೆರೆಯನ್ನು ಪೂರ್ತಿ ಮುಚ್ಚಿತು. ಈ ಕಡೆ ಆ ಕಡೆ ಏನೂ ಉಳಿಯಲಿಲ್ಲ. ಆಮೇಲೆ ಅದು ನಡೆದುಕೊಂಡು ತನ್ನದೇ ದೊಡ್ಡ ಚಿತ್ರದ ಮೇಲೆ ಹತ್ತಿತು ಎಂದು ನನ್ನ ನೆನಪು. ವಿನುತಾ ಒಪ್ಪುವುದಿಲ್ಲ. ಹುಳ ಸತ್ತಿತ್ತು, ನಡೆಯಿತು ಎನ್ನುವುದು ನಿಮ್ಮ ಸೇರ್ಪಡೆ ಎನ್ನುತ್ತಾರೆ. ಇರಬಹುದು. ಗೆರೆಗೆ ಸರಿಹೊಂದಿತು ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಜಲಜಕ್ಕ, "ಇರುವೆಯದ್ದು ಉಂಟಾ? ಕೊಡಿ," ಅಂದರು. ವಿನುತಾ ಕಟ್ಟಿನಿಂದ ಇರುವೆಯ ಕಾರ್ಡ್ ತೆಗೆದುಕೊಟ್ಟರು. ಸಕ್ಕರೆ ಡಬ್ಬಿಯಿಂದ ಒಂದು ಇರುವೆ ಬಂತು. ಅದು ಗೆರೆಯನ್ನು ದಾಟಿ ಸ್ವಲ್ಪ ಹೊರಗೆ ಉಳಿಯಿತು. ಇರುವೆಗಳಲ್ಲಿ ಗಾತ್ರದ ವ್ಯತ್ಯಾಸ ಇರುತ್ತದೆ ಎಂದು ನಾನು ತೊದಲುತ್ತಿರುವಾಗ ಜಲಜಕ್ಕ, "ಅದು ನಮ್ಮ ಹೋಟ್ಲಿನದ್ದು, ತಿಂದು ತಿಂದು ಬೆಳೆದಿದೆ," ಎಂದರು. ಎಲ್ಲರಿಗಿಂತ ಮೊದಲು ನಕ್ಕವಳು ರಶ್ಮಿ.

"ಡಾಕ್ಟ್ರಿಗೆ ಫೋನ್ ಮಾಡು," ಎಂದರು ಮಗಳಿಗೆ. "ಮೊದಲು ಸಿಗುವ ದಿನ ಯಾವುದು ಕೇಳು." ನಂತರ ವಿನುತಾ ಅವರ ಕಡೆ ತಿರುಗಿ, "ಗೆರೆ ಹೋಗ್ಲಿ, ಇನ್ನೊಮ್ಮೆ ಒಂದು ಕಾರ್ಡ್ ಎತ್ತುವ, ಧೈರ್ಯಕ್ಕೆ," ಎಂದು ಕೈ ಚಾಚಿದರು.

ಒಳ್ಳೆಯದೊಂದು ಬರಲಿ ಎಂದು ನಾನೇ ಹಾರೈಸಿದ್ದೆ. ನಾಚಿಕೆಯ ಮಾತು. ಆದರೆ ವಿನುತಾ ಕಾರ್ಡುಗಳನ್ನು ಡಬ್ಬಿಗೆ ಹಾಕಿ ಮುಚ್ಚಿಬಿಟ್ಟರು.

"ಇದಕ್ಕೆ ಕಾರ್ಡ್ ಇಲ್ಲ ಜಲಜಕ್ಕ. ಡಾಕ್ಟ್ರು ಹೇಳಿ ಆಗಿದೆ."

ಅಂದಿನಿಂದ ಅವರು ಕಾಯಿಲೆಯ ಪ್ರಶ್ನೆಗೆ ಕಾರ್ಡ್ ನೋಡುವುದನ್ನೇ ಬಿಟ್ಟರು. ಯಾರು ಎಷ್ಟು ಕೇಳಿಕೊಂಡರೂ ಇಲ್ಲ. ಆಪರೇಷನ್ ಆ ವಾರವೇ ಆಯಿತು. ಮುಂದಿನ ವಾರವೂ ಇರಬಹುದು. ಜಲಜಕ್ಕ ಚೇತರಿಸಿಕೊಂಡರು.

ಎರಡು ವರ್ಷದ ನಂತರ ಕಾರ್ಡುಗಳ ಎರಡನೆಯ ಮುದ್ರಣದ ಮಾತು ಬಂತು. ಗೆರೆಗಳನ್ನು ಪೂರ್ತಿ ತೆಗೆದುಹಾಕುವುದೆಂದು ನಾನು ತೀರ್ಮಾನಿಸಿದ್ದೆ. ಕಲ್ಯಾಣಕ್ಕೆ ಬೇರೆ ಕೆಲಸಕ್ಕೆ ಹೋದಾಗ ಜಲಜಕ್ಕನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತ ಈ ವಿಷಯ ಹೇಳಿದೆ. ಅವರು ಗಲ್ಲೆಯಲ್ಲಿ ಕುಳಿತಿದ್ದರು, ಕೆನ್ನೆಗೆ ಬಣ್ಣ ಬಂದಿತ್ತು.

"ತೆಗೀಬೇಡಿ," ಅಂದರು. "ಆಪರೇಷನ್ನಿನ ಮೊದಲು ಡಾಕ್ಟ್ರು ಸ್ಕ್ಯಾನಿನ ಫೋಟೋ ತೋರಿಸಿದ್ರು. ಅಯ್ಯೋ, ಫೋಟೋದ ತುಂಬ ಗಡ್ಡೆಯೇ. ಆಮೇಲೆ ಕೇಳಿದೆ, ಇದ್ರ ಗೆರೆ ಎಲ್ಲಿ ಅಂತ."

"ಡಾಕ್ಟರು ಏನಂದರು?"

"ನನ್ನ ಮುಖ ನೋಡಿದ್ರು. ಮತ್ತೆ ತೋರಿಸಿದ್ರು. ಇತ್ತು, ಬದಿಯಲ್ಲೇ, ಸಣ್ಣ ಸಣ್ಣ ಗೀಟು. ಅಳೆದು ಹೇಳಿದ್ರು, ಲಿಂಬೆಹಣ್ಣಿನಷ್ಟು ಅಂತ. ಲಿಂಬೆಹಣ್ಣು ಅಂದ ಮೇಲೆ ನಾನು ಸಹಿ ಹಾಕಿದೆ." ಗಿರಾಕಿಯೊಬ್ಬನಿಗೆ ಚಿಲ್ಲರೆ ಕೊಟ್ಟು ಮತ್ತೆ ನನ್ನ ಕಡೆ ತಿರುಗಿದರು. "ಗೆರೆ ಇರ್ಲಿ. ಯಾಕೆ ಹಾಕಿದ್ದು ಅಂತ ಕೆಳಗೆ ಬರೀಬಾರದಾ? ನೀವು ಬರೀಲಿಲ್ಲ, ನಾವು ನಮಗೆ ತೋಚಿದ್ದನ್ನು ಓದಿದ್ವಿ."

ಅಷ್ಟು ವರ್ಷ ಪಠ್ಯಪುಸ್ತಕಗಳಿಗೆ ಚಿತ್ರ ಬರೆದಿದ್ದೆ. ಅಲ್ಲಿ ಗೆರೆಯ ಅರ್ಥವನ್ನು ಪುಟದ ಕೆಳಗೆ ಬೇರೆ ಯಾರೋ ಅಚ್ಚು ಮಾಡುತ್ತಿದ್ದರು; ಅದೂ ಚಿತ್ರದ ಭಾಗವೆಂದು ನನಗೆ ಅನ್ನಿಸಿರಲಿಲ್ಲ. ಕಾರ್ಡಿಗೆ ಪುಟದ ಕೆಳಭಾಗವಿಲ್ಲ. ಗುರುತೊಂದನ್ನು ಹಾಕಿ ಅರ್ಥ ಹೇಳದೆ ಬಿಟ್ಟರೆ ಆ ಜಾಗ ಖಾಲಿ ಉಳಿಯುವುದಿಲ್ಲ. ನೋಡುವವರಲ್ಲಿ ಆ ಹೊತ್ತಿಗೆ ಯಾವ ಭಯವಿದೆಯೋ ಅದು ಬಂದು ಕುಳಿತುಕೊಳ್ಳುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನು, ಅದೂ ತಡವಾಗಿ.

ಎರಡನೆಯ ಮುದ್ರಣದಲ್ಲಿ ಪ್ರತಿ ಗೆರೆಯ ಕೆಳಗೂ ಚಿಕ್ಕ ಅಕ್ಷರದಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಬರೆದೆ: ನಿಜದಲ್ಲಿ ಇದು ಇಷ್ಟೇ ಉದ್ದ.