ಗೋಡೆಗೆ ಮುಖ ಮಾಡಿದ ಲೆಕ್ಕ

ಗಂಡಸರ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದ ಆ ನರ್ಸಮ್ಮನಿಗೆ ಊರೆಲ್ಲ ಇಟ್ಟ ಹೆಸರು ಹನಿಯಕ್ಕ. ಆಗ ಡ್ರಿಪ್ಪಿಗೆ ಪಂಪುಗಿಂಪು ಇರಲಿಲ್ಲ. ಸ್ಪಿರಿಟ್ ವಾಸನೆಯ ನಡುವೆ ಡ್ರಿಪ್ ಬಾಟಲಿಯ ಕೆಳಗೆ ನಿಂತು, ಎದೆಗೆ ಸಿಕ್ಕಿಸಿದ ಗಡಿಯಾರ ನೋಡುತ್ತ, ನಿಮಿಷಕ್ಕೆ ಎಷ್ಟು ಹನಿಯೆಂದು ಎಣಿಸಿ ಕೊಳವೆಯ ಚಕ್ರ ತಿರುಗಿಸಬೇಕಿತ್ತು. ಹನಿಯಕ್ಕ ಎಣಿಸುವಾಗ ದೊಡ್ಡ ಡಾಕ್ಟರರೂ ಕೆಮ್ಮು ನುಂಗಿಕೊಳ್ಳುತ್ತಿದ್ದರು.

ಕಟ್ಟಳೆಯೊಂದನ್ನು ಅವಳೇ ತಂದಿದ್ದಳು. ಪ್ರತಿ ಲೆಕ್ಕವನ್ನೂ ಇಬ್ಬರು ಮಾಡಬೇಕು. ಎರಡನೆಯವಳು ಮೊದಲನೆಯವಳ ಚೀಟಿ ಕಾಣದಂತೆ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಉತ್ತರ ತಾಳೆಯಾದ ಮೇಲೆಯೇ ಹನಿ. ಕಟ್ಟಳೆ ಎಲ್ಲರಿಗೂ ಇತ್ತು, ಹನಿಯಕ್ಕನೊಬ್ಬಳನ್ನು ಬಿಟ್ಟು. ಬ್ರಹ್ಮ ಬರೆದದ್ದಕ್ಕೆ ತಾಳೆ ನೋಡುವವರುಂಟೆ?

ಒಂದು ಮಧ್ಯಾಹ್ನ, ಹೃದಯ ಸೋತಿದ್ದ ಮುದಿ ದರ್ಜಿಗೆ ಔಷಧಿ ಬೆರೆಸಿದ ಅರ್ಧ ಲೀಟರು ನಾಲ್ಕು ಗಂಟೆಯಲ್ಲಿ ಹೋಗಬೇಕಿತ್ತು. ಬೇಗ ಹೋದರೆ ನೀರು ಶ್ವಾಸಕೋಶಕ್ಕೆ ಏರುವ ಭಯ.

"ನಲವತ್ತೆರಡು ಹನಿ," ಎಂದು ಹನಿಯಕ್ಕ ಚಕ್ರಕ್ಕೆ ಕೈ ಹಾಕಿದಳು.

ಹೊಸದಾಗಿ ಸೇರಿದ್ದ ನರ್ಸೊಬ್ಬಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಪಾಪ, ಅಕ್ಕನಿಗಿದ್ದ ವಿನಾಯಿತಿಯ ಸುದ್ದಿ ಅವಳಿಗೆ ಯಾರೂ ಹೇಳಿರಲಿಲ್ಲ.

"ಅಕ್ಕಾ, ನಂಗೆ ಮೂವತ್ತೊಂದು ಬಂತು."

"ಯಾರೇ ತಾಯಿ ನಿಂಗೆ ಲೆಕ್ಕ ಕಲಿಸಿದ್ದು?"

"ನೀವೇ ಅಲ್ವಾ ಅಕ್ಕ, ಹೋದ ಸೋಮವಾರ."

"ನೀವಿಬ್ರೂ ಒಪ್ಕೊಳ್ಳೋ ತನಕ ನಾನು ಇರ್ತೀನಮ್ಮ, ಅವಸರ ಏನಿಲ್ಲ," ಎಂದ ದರ್ಜಿ ಮಂಚದಿಂದ.

ಹೊಸಬಳು ಕೊಳವೆಯ ಖಾಲಿ ಪೊಟ್ಟಣ ಮುಂದೆ ಹಿಡಿದಳು; ಹನಿಯ ಅಳತೆ ಅದರ ಮೇಲೆ ಅಚ್ಚಾಗಿತ್ತು. ಇಷ್ಟು ವರ್ಷ ಬರುತ್ತಿದ್ದ ಕೊಳವೆಯಲ್ಲಿ ಇಪ್ಪತ್ತು ಹನಿಗೆ ಒಂದು ಮಿಲಿ. ಆ ಬೆಳಿಗ್ಗೆ ಒಡೆದ ಪೆಟ್ಟಿಗೆಯದು ದಪ್ಪ ಹನಿ, ಹದಿನೈದಕ್ಕೇ ಒಂದು ಮಿಲಿ. ಅಕ್ಕನ ಲೆಕ್ಕದಂತೆ ಬಿಟ್ಟಿದ್ದರೆ ಮೂರೇ ಗಂಟೆಯಲ್ಲಿ ಬಾಟಲಿ ಬರಿದಾಗುತ್ತಿತ್ತು.

ಹನಿಯಕ್ಕ ಚಕ್ರದಿಂದ ಕೈ ತೆಗೆದಳು. ಗೋಡೆಗೆ ಮುಖ ಮಾಡಿ ಮೊದಲಿನಿಂದ ಗುಣಿಸಿ ಭಾಗಿಸಿದಳು. ಮೂವತ್ತೊಂದೇ. ವಾರ್ಡಿನ ತಪ್ಪುಗಳನ್ನು ಬರೆದಿಡುವ ಪುಸ್ತಕದಲ್ಲಿ ತನ್ನ ಹೆಸರನ್ನು ತಾನೇ ಬರೆದಳು. ಅಕ್ಷರ ಮಾತ್ರ ಎಂದಿಗಿಂತ ತುಸು ಸಣ್ಣದಾಗಿತ್ತು. ಮರುವಾರ ದರ್ಜಿ ನಡೆದುಕೊಂಡೇ ಮನೆಗೆ ಹೋದ. ಆ ಮಧ್ಯಾಹ್ನದಿಂದ ಹನಿಯಕ್ಕನ ಲೆಕ್ಕಕ್ಕೂ ಒಬ್ಬರು ಗೋಡೆ ನೋಡುವಂತಾಯಿತು.

ಹೋದ ವರ್ಷ ಹನಿಯಕ್ಕ ಅದೇ ಆಸ್ಪತ್ರೆಯಲ್ಲಿ ರೋಗಿಯಾಗಿ ಮಲಗಿದಳು. ಅಂದಿನ ಹೊಸಬಳು ಈಗ ಕನ್ನಡಕದ ಹೆಡ್ ನರ್ಸು. ಹಾಸಿಗೆಯ ಪಕ್ಕದಲ್ಲಿ ಪಂಪು. ಗಂಟೆಗೆ ಎಷ್ಟು ಮಿಲಿ ಎಂದು ಒತ್ತಿದರೆ ಮುಗಿಯಿತು. ಆದರೂ ಕಿರಿಯ ನರ್ಸೊಬ್ಬಳು ಗೋಡೆಗೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದಳು.

"ಮಿಷನ್ ಇದ್ಮೇಲೂ ಗೋಡೆ ಯಾಕೇ?"

"ಒತ್ತೋದು ನಾವೇ ಅಲ್ವಾ ಅಕ್ಕ," ಎಂದಳು ಹೆಡ್ ನರ್ಸು. " ಅರ್ಧ ಲೀಟರು, ನಾಲ್ಕು ಗಂಟೆ. ನಿಮ್ದೂ ಒಂದು ಲೆಕ್ಕ ಆಗ್ಲಿ."

ಹನಿಯಕ್ಕನ ಕೈ ಹಳೆಯ ಗಡಿಯಾರವನ್ನು ಹುಡುಕಿ ಎದೆಯ ಮೇಲೆ ಒಂದು ಗಳಿಗೆ ತಡವರಿಸಿತು. ಆಮೇಲೆ ಮೆಲ್ಲಗೆ ಮಗ್ಗುಲಾಗಿ ಗೋಡೆಯ ಕಡೆ ತಿರುಗಿದಳು.

"ನೂರಿಪ್ಪತ್ತೈದು. ಪೊಟ್ಟಣ ಓದಿದ್ಯಾ?"