ಕೆಂಪು ಮೊದಲು ಬಂದ ಬಾವುಟ

ಕಳೆದ ಶನಿವಾರ ಸ್ಯಾನ್ ಡಿಯೇಗೋ ಬಳಿಯ ಫೋರ್ ಎಸ್ ರ್ಯಾಂಚ್‌ನ ನಮ್ಮ ಮನೆಯ ಗರಾಜಿನಲ್ಲಿ ನನ್ನ ಗಂಡ ನೈಲಾನ್ ಹಗ್ಗದ ತುದಿಯನ್ನು ಲೈಟರಿನಿಂದ ಸುಟ್ಟರು, ಎಳೆ ಬಿಚ್ಚಿಕೊಳ್ಳದಿರಲಿ ಎಂದು. ಆ ಕಮಟು ವಾಸನೆ ಬಂದದ್ದೇ ತಡ, ಕೈಲಿದ್ದ ಬಟ್ಟೆಬುಟ್ಟಿ ಇಟ್ಟು ಅಲ್ಲೇ ಕೂತುಬಿಟ್ಟೆ. ಮೊದಲು ನಾವಿದ್ದ ಲಾಸ್ ಏಂಜಲೀಸಿನ ಚಾಟ್ಸ್‌ವರ್ತಿನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ಆಂಟಿಯ ಮನೆ ತುಂಬ ಇದೇ ವಾಸನೆ ಇರುತ್ತಿತ್ತು…

ಆಂಟಿ ಬಾವುಟ ಹೊಲಿಯುತ್ತಿದ್ದರು. ಧಾರವಾಡದ ಕಡೆಯವರು. ಎರಡು ಬೀದಿ ಆಚೆಗಿದ್ದ ಸಣ್ಣ ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಕೆಲಸ. ಅಂಕಲ್‌ದು ಸ್ವಂತ ಟ್ರಕ್. ವಾರಗಟ್ಟಲೆ ರಸ್ತೆಯ ಮೇಲೆ. ಅವರಿಗೆ ಹೃದಯದ ಆಪರೇಷನ್ ಆಗಿತ್ತು. ಔಷಧಿ, ಡಾಕ್ಟರು ಎಲ್ಲವೂ ಆಂಟಿಯ ಕೆಲಸದ ಇನ್ಶೂರೆನ್ಸಿನ ಮೇಲೆ ನಡೆಯುತ್ತಿತ್ತು.

2020ರಲ್ಲಿ ಕೋವಿಡ್ ಬಂದು ಎಲ್ಲ ಮುಚ್ಚಿದಾಗ ಕಾರ್ಖಾನೆಯ ಮಾಲೀಕ ಒಂದು ಮೆಷಿನ್ನು, ಬಟ್ಟೆಯ ಸುರುಳಿಗಳನ್ನು ಆಂಟಿಯ ಮನೆಗೇ ತಂದಿಳಿಸಿದ. ಲಾಸ್ ಏಂಜಲೀಸ್ ನಗರದ ಬಾವುಟದ ಆರ್ಡರು. ಆ ನಗರಕ್ಕೊಂದು ಬಾವುಟವಿದೆ ಎಂದು ನನಗೆ ಗೊತ್ತಾದದ್ದೇ ಆಗ. ಹಸಿರು, ಬಂಗಾರ, ಕೆಂಪು, ಮೂರು ಉದ್ದ ಪಟ್ಟಿ ನಿಂತಿರುತ್ತವೆ. ಕೋಲಿನ ಕಡೆಗೆ ಹಸಿರು. ಪಟ್ಟಿಗಳು ಕೂಡುವ ಅಂಚು ನೇರವಲ್ಲ, ಗರಗಸದ ಹಲ್ಲಿನಂತೆ ಅಂಕುಡೊಂಕು. ಒಂದು ಹಲ್ಲು ತಪ್ಪಿದರೆ ಇಡೀ ಪಟ್ಟಿ ಸೊಟ್ಟ. ಬಿಸಿ ಕಬ್ಬಿಣದಿಂದ ನೈಲಾನ್ ಬಟ್ಟೆಯ ಅಂಚು ಸುಟ್ಟು, ಹಲ್ಲಿಗೆ ಹಲ್ಲು ಕೂಡಿಸಿ ಹೊಲಿಯಬೇಕು.

“ಹಸಿರು ಆಲಿವ್ ಗಿಡ, ಬಂಗಾರ ಕಿತ್ತಳಿ ತೋಟ, ಕೆಂಪು ದ್ರಾಕ್ಷಿ,” ಎಂದು ಆಂಟಿ ಹೇಳಿಕೊಟ್ಟಿದ್ದರು. “ಊರಿಗೆ ನೂರೈವತ್ತು ವರ್ಷ ತುಂಬಿದಾಗ ಮಾಡಿದ್ದಂತ. ಈಗ ಹುಡುಕು ನೋಡೋಣ, ಎಲ್ಲಿ ಅದಾವು ತೋಟ?” ನಡುವೆ ನಗರದ ಮುದ್ರೆ. ಅದರಲ್ಲಿ ಸ್ಪೇನಿನ ಸಿಂಹ, ಮೆಕ್ಸಿಕೋದ ಹದ್ದು, ಕ್ಯಾಲಿಫೋರ್ನಿಯಾದ ಕರಡಿ, ಅಮೆರಿಕದ ನಕ್ಷತ್ರಗಳು. ಮುದ್ರೆಯ ಮೇಲೆ ಬೆರಳಾಡಿಸುತ್ತ ಒಮ್ಮೆ ಅಂದರು: “ಆಳಿದವರೆಲ್ಲಾ ಅದಾರ ಇದರಾಗ. ಅವರಿಗಿಂತ ಮೊದಲ ಇದ್ದವರು ಮಾತ್ರ ಇಲ್ಲ.”

ಆಗ ಅವರು ಮುದ್ರೆಯನ್ನು ನೋಡುತ್ತಿರಲಿಲ್ಲ, ಮುಟ್ಟುತ್ತಿದ್ದರು. ನನಗೆ ಅದು ತಿಳಿಯಲು ಇನ್ನೊಂದು ವಾರ ಬೇಕಾಯಿತು. ಒಂದು ಬೆಳಿಗ್ಗೆ ಕೊತ್ತಂಬರಿ ಕೊಡಲು ಹೋದಾಗ ಆಂಟಿ ಕಿಟಕಿಯ ಬೆಳಕಿಗೆ ಎರಡು ಪಟ್ಟಿ ಹಿಡಿದು ನಿಂತಿದ್ದರು. “ಇದರಾಗ ಹಸಿರು ಯಾವುದವಾ?” ಎಂದು ಕೇಳಿದರು. ನಾನು ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಕಣ್ಣಿನ ಕ್ಲಿನಿಕ್ಕಿನವರು ಅಪಾಯಿಂಟ್‌ಮೆಂಟನ್ನು ಮುಂದಕ್ಕೆ ಹಾಕಿದ್ದರು. ಮತ್ತೆ ಕರೆ ಬಂದಾಗ ಆಂಟಿಯೇ ಬೇಡವೆಂದಿದ್ದರು. “ಡಾಕ್ಟರ್ ಕೆಲಸ ಬಿಡು ಅಂತಾರ. ಕೆಲಸ ಬಿಟ್ಟರ ನಿಮ್ಮ ಅಂಕಲ್ ಗುಳಿಗಿ ಎಲ್ಲಿಂದ ಬರ್ತಾವು? ಈ ಆರ್ಡರ್ ಒಂದು ಮುಗೀಲಿ. ನೀ ಯಾರಿಗೂ ಹೇಳಬ್ಯಾಡ. ಅವರಿಗಂತೂ ಬ್ಯಾಡೇ ಬ್ಯಾಡ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಉಪಕಾರ ಮಾಡುತ್ತಿದ್ದೇನೆ ಎಂದೇ ಆಗ ನಂಬಿದ್ದೆ.

ಅಂದಿನಿಂದ ದಿನಾ ಬೆಳಿಗ್ಗೆ ಮಾಸ್ಕ್ ಹಾಕಿಕೊಂಡು ಹೋಗಿ ಪಟ್ಟಿಗಳನ್ನು ಬೇರೆಬೇರೆ ಜೋಡಿಸಿ, ಮೂಲೆಯಲ್ಲಿ ಟೈಲರ್ ಚಾಕಿನಿಂದ ದಪ್ಪ ಅಕ್ಷರ ಬರೆದುಕೊಡುತ್ತಿದ್ದೆ. ಮೊದಲ ದಿನ ಹಸಿರಿಗೂ ‘ಹ’, ಹಳದಿಗೂ ‘ಹ’ ಬರೆದು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆವು. ಆಮೇಲೆ ಹಳದಿಗೆ ‘ಬಂ’ ಆಯಿತು, ಬಂಗಾರದ ‘ಬಂ’. ಎರಡು ತಿಂಗಳು ಹೀಗೇ ನಡೆಯಿತು. ಹೊಲಿಗೆ ಒಂದಿಷ್ಟೂ ತಪ್ಪಲಿಲ್ಲ. ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ, ಬಣ್ಣಕ್ಕೆ ಮಾತ್ರ ಬೇಕಿತ್ತು…

ಜುಲೈನಲ್ಲಿ ನನ್ನ ಮಗಳಿಗೆ ಜ್ವರ ಬಂತು. ಅದೇ ರೋಗವಿರಬಹುದೆಂಬ ಭಯಕ್ಕೆ ಹತ್ತು ದಿನ ನಾವು ಬಾಗಿಲು ತೆಗೆಯಲಿಲ್ಲ. ಗೋಡೆಯಾಚೆ ಮೆಷಿನ್ ಓಡುವ ಸದ್ದು ಕೇಳುತ್ತಲೇ ಇತ್ತು. ಪಟ್ಟಿಗಳನ್ನು ಯಾರು ಜೋಡಿಸಿಕೊಡುತ್ತಿದ್ದಾರೆ ಎಂಬ ಪ್ರಶ್ನೆ ನನ್ನ ತಲೆಗೆ ಬಂದಿತ್ತು. ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಅವರೂ ಕರೆಯಲಿಲ್ಲ.

ಹನ್ನೊಂದನೆಯ ದಿನ ಮಾಲೀಕ ಬಂದ. ಆಂಟಿಯ ಬಾಗಿಲಲ್ಲೇ ನಿಂತು ಒಂದು ಬಾವುಟ ಬಿಡಿಸಿ ಹಿಡಿದ. ಕೋಲಿನ ಕಡೆಗೆ ಕೆಂಪು, ತುದಿಗೆ ಹಸಿರು. ಆ ಹತ್ತು ದಿನದ್ದು ಎಲ್ಲವೂ ಹಾಗೇ ಆಗಿತ್ತು. ಅವನು ಬೈಯಲಿಲ್ಲ. ಆಂಟಿಯ ಮುಖವನ್ನು ಒಂದು ಗಳಿಗೆ ನೋಡಿ, ಮೆಷಿನನ್ನು ವ್ಯಾನಿಗೆ ಹೇರಿಕೊಂಡು ಹೋದ. ಅವನು ಬಾಗಿಲಲ್ಲಿ ಬಿಟ್ಟುಹೋದ ಬಾವುಟದ ಹಲ್ಲುಗಳನ್ನು ಬೆರಳಿನಿಂದ ಎಣಿಸುತ್ತ ಆಂಟಿ, “ಹೊಲಿಗಿ ಸರಿ ಐತಲ್ಲವಾ?” ಎಂದು ನನ್ನನ್ನು ಕೇಳಿದರು.

ಸರಿಯಾಗಿತ್ತು.

ಆಮೇಲೆ ನಾನೇ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕಾರಿನಲ್ಲಿ ಕರೆದುಕೊಂಡು ಹೋದೆ. ರೋಗಿಯ ಜೊತೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಕಾದೆ. ಆಂಟಿ ಕಾರಿನೊಳಗೆ ಬಂದು ಕೂತು ಸೀಟ್ ಬೆಲ್ಟಿಗಾಗಿ ತಡಕಾಡುತ್ತ ಹೇಳಿದರು: “ನಾಲ್ಕು ತಿಂಗಳು ಮೊದಲ ಬಂದಿದ್ರ ಕಣ್ಣು ಉಳೀತಿತ್ತಂತ.” ಬೆಲ್ಟನ್ನು ನಾನೇ ಹಾಕಿ ಕಾರು ಹೊರಡಿಸಿದೆ.

ಮುಂದಿನ ವರ್ಷ ನನ್ನ ಗಂಡನಿಗೆ ಕಾರ್ಲ್ಸ್‌ಬಾಡಿನಲ್ಲಿ ಕೆಲಸ ಸಿಕ್ಕಿ ನಾವು ಸ್ಯಾನ್ ಡಿಯೇಗೋ ಕಡೆ ಬಂದೆವು. ಹೊರಡುವಾಗ ಆಂಟಿ ನನ್ನ ಮುಖವನ್ನು ಎರಡೂ ಕೈಯಿಂದ ಸವರಿದರು. ಮೊದಮೊದಲು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಆಮೇಲೆ ಹಬ್ಬಕ್ಕೆ. ಆಮೇಲೆ…

ಹಗ್ಗ ಸುಟ್ಟ ಆ ಶನಿವಾರ ಸಂಜೆ ಧೈರ್ಯ ಮಾಡಿ ಹಳೆಯ ನಂಬರಿಗೆ ಫೋನ್ ಮಾಡಿದೆ. ಅಂಕಲ್ ಎತ್ತಿದರು. ಆಂಟಿ ಹೋಗಿ ಒಂದು ವರ್ಷದ ಮೇಲಾಗಿತ್ತು. ಸ್ಟವ್ ಮುಂದೆ ಬಿದ್ದಿದ್ದರಂತೆ. ಅಂಕಲ್ ಟ್ರಕ್ಕಿನಲ್ಲಿ ಎಲ್ಲೋ ದೂರವಿದ್ದರಂತೆ. ನಿಮ್ಮ ನಂಬರು ಆಕಿಗಷ್ಟೇ ಬಾಯಿಪಾಠ ಇತ್ತು, ಅದಕ್ಕೇ ಹೇಳಲಾಗಲಿಲ್ಲ ಎಂದು ಅವರೇ ನನ್ನ ಕ್ಷಮೆ ಕೇಳಿದರು.

ಆಮೇಲೆ ಕೇಳಿದರು: “ಒಂದು ಮಾತು ಹೇಳವಾ. ಆಕಿ ಕಣ್ಣು ಹೋಗಾಕ ಹತ್ತಿದ್ದು ನಿನಗ ಮೊದಲ ಗೊತ್ತಿತ್ತೇನು? ನಾ ಊರೂರು ತಿರುಗಾಂವ, ನನಗ ತಿಳೀಲೇ ಇಲ್ಲ ನೋಡು.”

“ಇಲ್ಲ ಅಂಕಲ್. ನನಗೂ ಹೇಳಿರ್ಲಿಲ್ಲ,” ಅಂದೆ.

“ಹಂಗಾದ್ರ ಯಾರಿಗೂ ಹೇಳಿಲ್ಲ ಬಿಡು,” ಎಂದರು. ಅವರ ದನಿಯಲ್ಲಿ ಏನೋ ಹಗುರವಾದಂತಿತ್ತು. ಮಗಳು ಎಷ್ಟನೇ ಕ್ಲಾಸು ಎಂದು ವಿಚಾರಿಸಿ ಫೋನ್ ಇಟ್ಟರು.

ನಿಜ ಹೇಳಲು ಮತ್ತೆ ಫೋನ್ ಮಾಡಬಹುದು. ಐದು ದಿನವಾಯಿತು, ಮಾಡಿಲ್ಲ.